ಲೇಹ್‌ಗೆ ಹೊರಟ ಮಗ, ಬಸುರಿ ಸೊಸೆ, ಐದು ಸಾವಿರ ಮೀಟರ್ ಮೇಲಿನ ಒಂದು ಊರು

ಪ್ರಶ್ನೆ: ಡಾಕ್ಟರೇ, ನಾವು ಬೆಂಗಳೂರಿನ ಬಸವೇಶ್ವರನಗರದವರು. ಮಗನಿಗೆ 29 ವರ್ಷ, ಸೋಲಾರ್ ಕಂಪನಿಯಲ್ಲಿ ಎಂಜಿನಿಯರ್. ಎರಡು ವರ್ಷಕ್ಕೆ ಲೇಹ್‌ಗೆ ಹಾಕಿದ್ದಾರೆ. ತಿಂಗಳಿಗೊಮ್ಮೆ ಲಡಾಖಿನಲ್ಲೇ ಇನ್ನೂ ಎತ್ತರದಲ್ಲಿರುವ ಹಾನ್ಲೆ ಕಡೆ ಹೋಗಿ ಒಂದು ವಾರ ಇರಬೇಕಂತೆ. ಸೊಸೆಗೆ 27, ಈಗ ನಾಲ್ಕು ತಿಂಗಳು. ತಾನೂ ಜೊತೆಗೇ ಹೋಗ್ತೀನಿ, ಹೆರಿಗೆ ಅಲ್ಲೇ ಆಗಲಿ ಅಂತಾಳೆ. ಹಾಗಾದರೆ ಬಾಣಂತನಕ್ಕೆ ನಾನೂ ನಮ್ಮ ಯಜಮಾನರೂ ಹೋಗಬೇಕು. ಅವರಿಗೆ 63, ಬಿಪಿ, ಶುಗರ್ ಎರಡೂ ಇದೆ. ಮಗ ಒಂದು ವಿಡಿಯೋ ತೋರಿಸಿದ. ಪೆರು ದೇಶದಲ್ಲಿ 5,100 ಮೀಟರ್ ಎತ್ತರದಲ್ಲಿ ಒಂದು ಊರಿದೆಯಂತೆ, 50,000 ಜನ ಇದ್ದಾರಂತೆ. "ಅವರೂ ಮನುಷ್ಯರೇ ತಾನೇ ಅಮ್ಮಾ" ಅಂತಾನೆ. ಪಕ್ಕದ ಮನೆಯವರು ಅಲ್ಲಿ ಗಾಳಿಯಲ್ಲಿ ಆಕ್ಸಿಜನ್ನೇ ಇರಲ್ಲ ಅಂತಾರೆ. ನಮ್ಮ ಓರಗಿತ್ತಿ ಕರ್ಪೂರ ಮೂಸಿದರೆ ಸಾಕು ಅಂತಾರೆ. ಅಲ್ಲಿ ಹುಟ್ಟಿದ ಮಗುವಿಗೆ ಶ್ವಾಸಕೋಶ ಗಟ್ಟಿಯಾಗುತ್ತೆ ಅಂತಲೂ ಕೇಳಿದೆ. ಯಾರ ಮಾತು ನಂಬಲಿ? ಇನ್ನೊಂದು, ಅಲ್ಲಿ ಮುದ್ದೆ ಬೇಯುತ್ತಾ?

ಉತ್ತರ: ನಿಮ್ಮದು ನಾಲ್ಕು ಜನರ ನಾಲ್ಕು ಬೇರೆ ಬೇರೆ ಪ್ರಶ್ನೆ. ಎಲ್ಲವನ್ನೂ ಒಂದೇ ಮೂಟೆ ಕಟ್ಟಿದ್ದರಿಂದ ಗೊಂದಲವಾಗಿದೆ. ಮಗ ಹೋಗಬಹುದು. ಸೊಸೆ ಈಗ ಹೋಗುವುದು ಬೇಡ. ನಿಮ್ಮ ಯಜಮಾನರು ಬೇಸಿಗೆಯಲ್ಲಿ, ತಪಾಸಣೆ ಮಾಡಿಸಿಕೊಂಡು, ನೋಡಿ ಬರಲು ಹೋಗಬಹುದು. ಮುದ್ದೆ ಬೇಯುತ್ತದೆ. ಯಾಕೆ ಹೀಗೆ ಅನ್ನುವುದನ್ನು ಸ್ವಲ್ಪ ಉದ್ದಕ್ಕೇ ಹೇಳಬೇಕು. ಇಲ್ಲದಿದ್ದರೆ ನಿಮ್ಮ ಸೊಸೆ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ನಾನು ಶ್ವಾಸಕೋಶದ ವೈದ್ಯ. ಬೆಂಗಳೂರಿನಲ್ಲಿ ಕ್ಲಿನಿಕ್ ಇಡುವ ಮೊದಲು ಸೇನೆಯಲ್ಲಿದ್ದೆ. ಮೂರು ಚಳಿಗಾಲ ಲೇಹ್‌ನಲ್ಲಿ ಕಳೆದಿದ್ದೇನೆ. ಮೊದಲ ರಾತ್ರಿ ಇವತ್ತಿಗೂ ನೆನಪಿದೆ. ಸಣ್ಣಗೆ ತಲೆನೋವು. ನಿದ್ದೆ ಹತ್ತುವಷ್ಟರಲ್ಲಿ ಯಾರೋ ಕತ್ತು ಹಿಸುಕಿದ ಹಾಗೆ ಎಚ್ಚರವಾಗುವುದು, ಎದ್ದು ಕೂತು ನಾಲ್ಕು ಸಲ ಜೋರಾಗಿ ಉಸಿರೆಳೆಯುವುದು, ಮತ್ತೆ ಮಲಗುವುದು. ವೈದ್ಯನಾದವನಿಗೆ ಅದರ ಕಾರಣ ಗೊತ್ತು. ಎತ್ತರದಲ್ಲಿ ನಿದ್ದೆಯಲ್ಲಿ ಉಸಿರು ಅಲೆ ಅಲೆಯಾಗಿ ಬರುತ್ತದೆ, ನಡುನಡುವೆ ಕೆಲವು ಸೆಕೆಂಡ್ ನಿಂತೇ ಹೋಗುತ್ತದೆ. ಗೊತ್ತಿದ್ದರೂ ಹೆದರಿಕೆ ಆಯಿತು. ನಿಮ್ಮ ಮಗನಿಗೂ ಆಗುತ್ತದೆ. ಮೊದಲೇ ಹೇಳಿಟ್ಟರೆ ಗಾಬರಿ ಕಡಿಮೆ.

ಪಕ್ಕದ ಮನೆಯವರ ಮಾತು ಮೊದಲು ನೋಡೋಣ. ಗಾಳಿಯಲ್ಲಿ ಆಕ್ಸಿಜನ್ ಪಾಲು ಮಂಗಳೂರಿನಲ್ಲೂ 21%, ಲೇಹ್‌ನಲ್ಲೂ 21%, ಎವರೆಸ್ಟ್ ತುದಿಯಲ್ಲೂ 21%. ಕಡಿಮೆಯಾಗುವುದು ಗಾಳಿಯ ಒತ್ತಡ. ಮೇಲೆ ಹೋದಷ್ಟೂ ಗಾಳಿ ತೆಳುವಾಗುತ್ತದೆ. ಒಂದೊಂದು ಉಸಿರಿಗೂ ಒಳಗೆ ಹೋಗುವ ಆಕ್ಸಿಜನ್ ಕಡಿಮೆಯಾಗುತ್ತದೆ. ಸಮುದ್ರ ಮಟ್ಟದಲ್ಲಿ ಒತ್ತಡ 100 ಅಂತ ಇಟ್ಟುಕೊಂಡರೆ, 920 ಮೀಟರಿನ ನಮ್ಮ ಬೆಂಗಳೂರಿನಲ್ಲಿ ಅದು ಸುಮಾರು 90. ಮಂಗಳೂರಿನಿಂದ ಬಂದವರಿಗೆ ಈ ಹತ್ತರ ವ್ಯತ್ಯಾಸ ಗೊತ್ತೂ ಆಗುವುದಿಲ್ಲ, ಅಲ್ವಾ? 3,500 ಮೀಟರಿನ ಲೇಹ್‌ನಲ್ಲಿ ಅದು 65ರ ಆಸುಪಾಸು. 4,500 ಮೀಟರಿನಷ್ಟಿರುವ ಹಾನ್ಲೆಯಲ್ಲಿ 60ಕ್ಕಿಂತ ತುಸು ಕಡಿಮೆ. ನಿಮ್ಮ ಮಗ ತೋರಿಸಿದ ಆ ಪೆರು ಊರಿನಲ್ಲಿ 55ರ ಒಳಗೆ. ಮುಳ್ಳಯ್ಯನಗಿರಿಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಹೊರಿಸಿದರೂ ಹಾನ್ಲೆ ಅದಕ್ಕಿಂತ 600 ಮೀಟರ್ ಮೇಲಿರುತ್ತದೆ. ಬೆಂಗಳೂರಿನಿಂದ ಒಯ್ದ ಚಿಪ್ಸ್ ಪೊಟ್ಟಣ ಲೇಹ್‌ನಲ್ಲಿ ಬ್ಯಾಗಿನಿಂದ ತೆಗೆದಾಗ ಬಲೂನಿನಂತೆ ಊದಿಕೊಂಡಿರುತ್ತದೆ. ಒತ್ತಡ ಎಷ್ಟು ಇಳಿದಿದೆ ಎಂದು ಅದಕ್ಕಿಂತ ಚೆನ್ನಾಗಿ ತೋರಿಸುವ ಯಂತ್ರ ಬೇಡ.

ಈಗ ಆ ವಿಡಿಯೋ. ಊರಿನ ಹೆಸರು ಲಾ ರಿಂಕೊನಾಡಾ. ಜನ ಕಾಯಂ ಆಗಿ ವಾಸಿಸುವ ಪಟ್ಟಣಗಳಲ್ಲಿ ಜಗತ್ತಿನಲ್ಲೇ ಅತಿ ಎತ್ತರದ್ದು. ಮಗ ಹೇಳಿದ್ದು ಸುಳ್ಳಲ್ಲ. ಆದರೆ ಅಲ್ಲಿಗೆ ಜನ ಹೋಗಿದ್ದು ಗಾಳಿ ಒಗ್ಗಿತು ಅಂತ ಅಲ್ಲ, ಚಿನ್ನ ಸಿಗುತ್ತದೆ ಅಂತ. ಚಿನ್ನದ ಬೆಲೆ ಏರಿದ ಹಾಗೆ ಊರೂ ಉಬ್ಬಿತು. ಅಲ್ಲಿ ಕಚೊರ್ರೆಯೊ ಎನ್ನುವ ಪದ್ಧತಿ ಇದೆ. ಗಣಿಯಲ್ಲಿ ತಿಂಗಳು ಪೂರ್ತಿ ಸಂಬಳವಿಲ್ಲದೆ ದುಡಿಯಬೇಕು, ಕೊನೆಗೆ ಒಂದು ದಿನ ಹೊರಲಾದಷ್ಟು ಅದಿರು ಮನೆಗೆ ಒಯ್ಯಬಹುದು. ಅದರಲ್ಲಿ ಚಿನ್ನ ಇದ್ದರೆ ಅದೃಷ್ಟ. ಚರಂಡಿ ವ್ಯವಸ್ಥೆ ಇಲ್ಲ, ಚಿನ್ನ ಬೇರ್ಪಡಿಸುವ ಪಾದರಸ ನೀರಲ್ಲಿ, ಗಾಳಿಯಲ್ಲಿ ಸೇರುತ್ತದೆ. ಅಲ್ಲಿಯವರಲ್ಲಿ ತುಂಬಾ ಜನರಿಗೆ ರಕ್ತ ಅತಿಯಾಗಿ ದಪ್ಪವಾಗಿರುತ್ತದೆ. ತುಟಿ ನೀಲಿ, ತಲೆನೋವು, ಕಿವಿಯಲ್ಲಿ ಗುಂಯ್ ಶಬ್ದ. ವಿಡಿಯೋದಲ್ಲಿ ಸ್ಕೂಲಿಗೆ ಹೋಗುವ ಮಕ್ಕಳು ಕಾಣುತ್ತಾರೆ, ಇದು ಕಾಣುವುದಿಲ್ಲ. ಹಾಗಾಗಿ ಲಾ ರಿಂಕೊನಾಡಾ ತೋರಿಸಿ ಲೇಹ್ ಬಗ್ಗೆ ವಾದ ಮಾಡಬೇಡ ಎಂದು ಮಗನಿಗೆ ಹೇಳಿ. ಉದಾಹರಣೆ ಬೇಕೇ ಬೇಕಿದ್ದರೆ ಬೊಲಿವಿಯಾದ ಎಲ್ ಆಲ್ಟೊ ತೋರಿಸಲಿ. 4,150 ಮೀಟರ್ ಎತ್ತರ, ಹತ್ತು ಲಕ್ಷದ ಆಸುಪಾಸು ಜನ, ಕಾಲೇಜು, ಮಾರುಕಟ್ಟೆ, ಕೇಬಲ್ ಕಾರು, ವಿಮಾನ ನಿಲ್ದಾಣ ಎಲ್ಲಾ ಇರುವ ನಿಜವಾದ ನಗರ. ಅದರ ಕೆಳಗೇ, 3,600 ಮೀಟರಿನಲ್ಲಿ ಲಾ ಪಾಸ್. ಲಾ ಪಾಸ್‌ನಲ್ಲಿ ಫುಟ್‌ಬಾಲ್ ಆಡಲು ಬಂದ ತಂಡಗಳು ಏದುಸಿರು ಬಿಟ್ಟು ಗೋಳಾಡಿದ್ದಕ್ಕೆ 2007ರಲ್ಲಿ ಫಿಫಾ ಎತ್ತರದ ಊರುಗಳಲ್ಲಿ ಅಂತರರಾಷ್ಟ್ರೀಯ ಪಂದ್ಯಗಳನ್ನೇ ನಿಷೇಧಿಸಿತ್ತು. ದೊಡ್ಡ ಗಲಾಟೆಯಾಗಿ ಮರುವರ್ಷ ಕೈಬಿಟ್ಟಿತು.

ಅವರೂ ಮನುಷ್ಯರೇ, ಸರಿ. ಆದರೆ "ಒಗ್ಗಿಹೋಗುತ್ತೆ" ಎನ್ನುವ ಒಂದೇ ಮಾತಿನಲ್ಲಿ ನಾವು ಮೂರು ಬೇರೆ ಸಂಗತಿಗಳನ್ನು ತುಂಬಿಬಿಟ್ಟಿದ್ದೇವೆ.

ಒಂದು, ದಿನಗಳಲ್ಲಿ ಒಗ್ಗುವುದು. ಮೇಲೆ ಹೋದ ತಕ್ಷಣ ಉಸಿರಾಟ ಜೋರಾಗುತ್ತದೆ, ನಾಡಿ ಏರುತ್ತದೆ, ಮೂತ್ರ ಜಾಸ್ತಿ ಹೋಗುತ್ತದೆ. ವಾರಗಳಲ್ಲಿ ಕೆಂಪು ರಕ್ತಕಣ ಹೆಚ್ಚುತ್ತವೆ. ಇದು ನಿಮ್ಮ ಮಗನಿಗೂ ಆಗುತ್ತದೆ, ನನಗೂ ಆಗಿತ್ತು. ಎರಡು, ಅಲ್ಲೇ ಹುಟ್ಟಿ ಬೆಳೆಯುವುದು. ಬೆಳೆಯುವ ಮಗುವಿನ ಎದೆಗೂಡು, ಶ್ವಾಸಕೋಶ ಸ್ವಲ್ಪ ದೊಡ್ಡದಾಗುತ್ತವೆ. ನೀವು ಕೇಳಿದ "ಗಟ್ಟಿ ಶ್ವಾಸಕೋಶ"ದ ಮಾತಿನ ಮೂಲ ಇದೇ ಇರಬೇಕು. ಆದರೆ ಅದು ವರ್ಷಗಟ್ಟಲೆ ಅಲ್ಲೇ ಬೆಳೆದ ಮಕ್ಕಳ ಮಾತು, ಅಲ್ಲಿ ಹೆತ್ತು ಎರಡು ವರ್ಷಕ್ಕೆ ವಾಪಸ್ ಕರೆತರುವ ಮಗುವಿನದಲ್ಲ. ಮೂರನೆಯದು ತಲೆತಲಾಂತರದಿಂದ ಬಂದದ್ದು. ಅದನ್ನು ಯಾರೂ ಹೋಗಿ ಸಂಪಾದಿಸಿಕೊಳ್ಳಲು ಆಗುವುದಿಲ್ಲ.

ಈ ಮೂರನೆಯದೇ ಅಚ್ಚರಿಯದು. ಎತ್ತರದ ಜನರಿಗೆ ರಕ್ತ ಹೆಚ್ಚಿರುತ್ತದೆ, ಅದಕ್ಕೇ ಬದುಕುತ್ತಾರೆ ಎಂದು ಎಲ್ಲರೂ ಅಂದುಕೊಂಡಿದ್ದರು. ಆಂಡಿಸ್ ಬೆಟ್ಟಗಳವರಲ್ಲಿ ಅದು ನಿಜ ಕೂಡ. ಟಿಬೆಟಿಯನ್ನರಲ್ಲಿ ನೋಡಿದರೆ ತಿರುವುಮುರುವು. ಸುಮಾರು 4,000 ಮೀಟರಿನಲ್ಲಿ ಬದುಕುವ ಟಿಬೆಟಿಯನ್ನರ ಹಿಮೋಗ್ಲೋಬಿನ್ ಹೆಚ್ಚುಕಡಿಮೆ ಬಯಲಿನವರಷ್ಟೇ. ನಮ್ಮ ದೇಹ ಆಕ್ಸಿಜನ್ ಕಡಿಮೆ ಎಂದ ಕೂಡಲೇ ಗಾಬರಿ ಬಿದ್ದು ರಕ್ತಕಣ ತಯಾರಿಸುತ್ತದೆ. ಅವರ ದೇಹ ಗಾಬರಿ ಬೀಳುವುದಿಲ್ಲ. ಹೆಚ್ಚು ಉಸಿರಾಡುತ್ತದೆ, ರಕ್ತನಾಳಗಳನ್ನು ಹಿಗ್ಗಿಸಿಕೊಳ್ಳುತ್ತದೆ, ರಕ್ತವನ್ನು ತೆಳುವಾಗಿಯೇ ಇಟ್ಟುಕೊಳ್ಳುತ್ತದೆ. ಇದರ ಹಿಂದಿರುವ ಇಪಾಸ್1 ಎಂಬ ಜೀನ್ 2010ರಲ್ಲಿ ಪತ್ತೆಯಾಯಿತು. ಆ ಜೀನಿನ ಈ ರೂಪ ಡೆನಿಸೋವನ್ ಎಂಬ, ಈಗ ಅಳಿದುಹೋಗಿರುವ ಪುರಾತನ ಮಾನವರಿಂದ ಬಂದದ್ದು ಎಂದು 2014ರಲ್ಲಿ ಗೊತ್ತಾಯಿತು. ಲಡಾಖಿನ ಜನರಿಗೆ ಟಿಬೆಟಿಯನ್ನರ ಜೊತೆ ಹತ್ತಿರದ ನಂಟಿದೆ. ಹಾನ್ಲೆಯ ಅಜ್ಜಿ ಬೆನ್ನ ಮೇಲೆ ಹೊರೆ ಹೊತ್ತು ಸರಸರನೆ ಏರಿ ಹೋಗುವುದನ್ನು ನೋಡಿ ನಿಮ್ಮ ಮಗ ನಾಚಿಕೊಳ್ಳಬೇಕಾಗಿಲ್ಲ. ಅವನೂ ಹಾಗೆ ಏರಲು ಹೋಗುವುದೂ ಬೇಡ.

ಸೊಸೆಯ ವಿಷಯಕ್ಕೆ ಬರೋಣ. ಬೊಲಿವಿಯಾದಲ್ಲೇ ಪೊಟೊಸಿ ಅಂತ ಒಂದು ಊರಿದೆ. 4,000 ಮೀಟರಿಗಿಂತ ಮೇಲೆ. 1545ರಲ್ಲಿ ಬೆಳ್ಳಿ ಸಿಕ್ಕಿತು, ಸ್ಪೇನ್‌ನವರು ಮುತ್ತಿಕೊಂಡರು, ಕೆಲವೇ ದಶಕದಲ್ಲಿ ಲಕ್ಷಕ್ಕೂ ಹೆಚ್ಚು ಜನರ ನಗರವಾಯಿತು. ಅಲ್ಲಿನ ಮೂಲನಿವಾಸಿಗಳಿಗೆ ಮಕ್ಕಳಾಗುತ್ತಿದ್ದವು, ಬದುಕುತ್ತಿದ್ದವು. ಸ್ಪೇನ್ ದಂಪತಿಗಳ ಮಕ್ಕಳು ಹುಟ್ಟುವಾಗಲೋ ಹುಟ್ಟಿದ ಕೆಲವು ದಿನಕ್ಕೋ ತೀರಿಕೊಳ್ಳುತ್ತಿದ್ದವು. ಹಾಗಾಗಿ ಬಸುರಿಯರನ್ನು ಕೆಳಗಿನ ಕಣಿವೆಗೆ ಕಳಿಸುತ್ತಿದ್ದರು. ಊರು ಹುಟ್ಟಿ 53 ವರ್ಷದ ಮೇಲೆ ಒಂದು ಸ್ಪೇನ್ ಮಗು ಅಲ್ಲೇ ಹುಟ್ಟಿ ಬದುಕಿತು ಎಂದು 17ನೇ ಶತಮಾನದ ಪಾದ್ರಿಯೊಬ್ಬ ಬರೆದಿಟ್ಟಿದ್ದಾನೆ. ಅದನ್ನು ಪವಾಡ ಅಂತಲೇ ಬರೆದಿದ್ದಾನೆ.

ಅದು ನಾಲ್ಕು ಶತಮಾನದ ಹಿಂದಿನ ಕಥೆ, ಈಗ ಆಸ್ಪತ್ರೆಗಳಿವೆ. ಲೇಹ್‌ನಲ್ಲೂ ಹೆರಿಗೆ ಆಸ್ಪತ್ರೆ ಇದೆ. ಅಲ್ಲಿನ ವೈದ್ಯರು ಎತ್ತರದ ತೊಂದರೆಗಳಲ್ಲಿ ನಮಗಿಂತ ಪಳಗಿದವರು. ಆದರೆ ದೇಹದ ಲೆಕ್ಕ ಬದಲಾಗಿಲ್ಲ. ಮಗುವಿಗೆ ಆಕ್ಸಿಜನ್ ಹೋಗುವುದು ತಾಯಿಯ ರಕ್ತದಿಂದ, ಮಾಸಿನ ಮೂಲಕ. ಬಸುರಿಯಲ್ಲಿ ಗರ್ಭಕೋಶಕ್ಕೆ ರಕ್ತದ ಹರಿವು ಹಲವು ಪಟ್ಟು ಹೆಚ್ಚಬೇಕು. ಟಿಬೆಟಿಯನ್ ತಾಯಂದಿರಲ್ಲಿ ಎತ್ತರದಲ್ಲೂ ಅದು ಚೆನ್ನಾಗಿ ಹೆಚ್ಚುತ್ತದೆ. ಬಯಲಿನಿಂದ ಹೋದವರಲ್ಲಿ ಅಷ್ಟು ಹೆಚ್ಚುವುದಿಲ್ಲ. ಪರಿಣಾಮವಾಗಿ ಮಗುವಿನ ತೂಕ ಕಡಿಮೆಯಾಗುತ್ತದೆ. ಪ್ರತಿ 1,000 ಮೀಟರಿಗೆ ಸುಮಾರು 100 ಗ್ರಾಂ ಎನ್ನುವುದು ಎತ್ತರದ ಊರುಗಳಲ್ಲಿ ಕಂಡುಬಂದ ಸರಾಸರಿ. ನಮ್ಮ ಹುಡುಗಿಯರ ಮಕ್ಕಳು ಇಲ್ಲೇ ಎರಡೂಮುಕ್ಕಾಲು ಕೆಜಿ ಆಸುಪಾಸು ಹುಟ್ಟುತ್ತವೆ. ಅದರಲ್ಲೂ ಕಾಲು ಕೆಜಿ ಕಳೆದರೆ ಏನುಳಿಯಿತು? ಜೊತೆಗೆ ಬಸುರಿಯಲ್ಲಿ ಬಿಪಿ ಏರಿ, ಕೈಕಾಲು ಊದಿ, ಕೆಲವೊಮ್ಮೆ ಫಿಟ್ಸ್‌ವರೆಗೂ ಹೋಗುವ ತೊಂದರೆ ಇದೆಯಲ್ಲ, ಅದು ಎತ್ತರದಲ್ಲಿ ಜಾಸ್ತಿ. ಮೊದಲ ಬಸುರಿನಲ್ಲಿ ಎಲ್ಲಿದ್ದರೂ ಅದರ ಭಯ ಸ್ವಲ್ಪ ಹೆಚ್ಚೇ. ಎಂಟನೇ ತಿಂಗಳಲ್ಲಿ ಅಂಥದ್ದೇನಾದರೂ ಆಗಿ, ಹವಾಮಾನ ಕೆಟ್ಟು ಆ ದಿನದ ವಿಮಾನ ರದ್ದಾದರೆ ಏನು ಮಾಡುತ್ತೀರಿ? ಚಳಿಗಾಲದಲ್ಲಿ ಲೇಹ್‌ನಿಂದ ವಿಮಾನ ರದ್ದಾಗುವುದು ಹೊಸ ವಿಷಯವೇನಲ್ಲ.

ಸೊಸೆ ಹೋಗಿಯೇ ತೀರುತ್ತೇನೆ ಎಂದರೆ? ಎಷ್ಟೋ ಬಯಲಿನ ಹೆಣ್ಣುಮಕ್ಕಳು ಲೇಹ್‌ನಲ್ಲಿ ಹೆತ್ತಿದ್ದಾರೆ, ತಾಯಿ ಮಗು ಚೆನ್ನಾಗಿಯೂ ಇದ್ದಾರೆ. ಅನಾಹುತ ಆಗಿಯೇ ಆಗುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಇಲ್ಲಿದ್ದರೆ ಬಾರದ ಒಂದು ಅಪಾಯವನ್ನು ದುಡ್ಡು ಕೊಟ್ಟು ಕೊಂಡ ಹಾಗೆ. ಗಂಡ ಹೆಂಡತಿ ಬೇರೆ ಇರುವ ಬೇಸರ ನಿಜ, ಅದನ್ನು ನಾನು ಹಗುರ ಮಾಡುವುದಿಲ್ಲ. ಹಾಗೂ ಹೊರಟರೆ ಇಲ್ಲಿನ ಹೆರಿಗೆ ಡಾಕ್ಟರ ಒಪ್ಪಿಗೆ ಬೇಕು. ಸ್ಕ್ಯಾನ್‌ನಲ್ಲಿ ಮಗುವಿನ ಬೆಳವಣಿಗೆ, ಸೊಸೆಯ ಹಿಮೋಗ್ಲೋಬಿನ್, ಬಿಪಿ ಎಲ್ಲಾ ಸರಿ ಇರಬೇಕು. ಕಬ್ಬಿಣದ ಮಾತ್ರೆ ಒಂದು ದಿನವೂ ತಪ್ಪಬಾರದು. ಲೇಹ್ ಬಿಟ್ಟು ಮೇಲಿನ ಊರುಗಳಿಗೆ ಕಾಲಿಡಬಾರದು. ಏಳನೇ ತಿಂಗಳ ಹೊತ್ತಿಗೆ ಸೀಮಂತದ ನೆಪ ಮಾಡಿಕೊಂಡಾದರೂ ಬೆಂಗಳೂರಿಗೆ ಬಂದುಬಿಡಬೇಕು. ಇದು ನಡುದಾರಿ. ನನ್ನ ಮಗಳಾಗಿದ್ದರೆ ಈ ನಡುದಾರಿಗೂ ಒಪ್ಪುತ್ತಿರಲಿಲ್ಲ.

ಹುಟ್ಟಿದ ಮೇಲೆ ಮಗುವನ್ನು ಯಾವಾಗ ಕರೆದೊಯ್ಯಬಹುದು? ಇದನ್ನು ನೀವು ಕೇಳಿಲ್ಲ, ಆದರೆ ಕೇಳಬೇಕಾದ್ದು. ಹುಟ್ಟಿದ ಹೊಸತರಲ್ಲಿ ಮಗುವಿನ ಶ್ವಾಸಕೋಶದ ರಕ್ತನಾಳಗಳು ಇನ್ನೂ ಬಿಗಿಯಾಗಿರುತ್ತವೆ. ನಿಧಾನಕ್ಕೆ ಸಡಿಲವಾಗಬೇಕು. ಎತ್ತರದಲ್ಲಿ ಅವು ಸಡಿಲವಾಗುವುದು ತಡವಾಗುತ್ತದೆ, ಹೃದಯದ ಬಲಭಾಗಕ್ಕೆ ಹೊರೆ ಬೀಳುತ್ತದೆ. ಬಯಲಿನಲ್ಲಿ ಹುಟ್ಟಿ ಟಿಬೆಟ್‌ನ ಲಾಸಾಕ್ಕೆ ಒಯ್ದ ಚೀನೀ ಕೂಸುಗಳಲ್ಲಿ ಕೆಲವು ಇದೇ ಕಾರಣಕ್ಕೆ ಹೃದಯ ಸೋತು ತೀರಿಕೊಂಡದ್ದನ್ನು 1988ರಲ್ಲಿ ವೈದ್ಯರು ದಾಖಲಿಸಿದರು. ಲಾಸಾ ಕೂಡ ಹೆಚ್ಚುಕಡಿಮೆ ಲೇಹ್‌ನಷ್ಟೇ ಎತ್ತರ, ಸುಮಾರು 3,650 ಮೀಟರ್. ಇದು ಅಪರೂಪದ್ದು. ಆದರೂ ಅಲ್ಲೇ ಇರಲು ಕರೆದೊಯ್ಯುವುದಾದರೆ ಮಗುವಿಗೆ ಒಂದು ವರ್ಷ ತುಂಬಲಿ ಎನ್ನುವುದು ನನ್ನ ಅಭಿಪ್ರಾಯ. ಮೊದಲ ಹುಟ್ಟುಹಬ್ಬ ಇಲ್ಲೇ ಮಾಡಿ ಕಳಿಸಿ. ಹೋಗುವ ಮೊದಲು ಮಕ್ಕಳ ವೈದ್ಯರಿಗೆ ತೋರಿಸಿ.

ಇನ್ನು ನಿಮ್ಮ ಮಗ. 29 ವರ್ಷ, ಆರೋಗ್ಯವಂತ. ಅವನಂಥವರ ಬಗ್ಗೆಯೇ ನನಗೆ ಹೆದರಿಕೆ. ದಿನಾ ಜಿಮ್, ಭಾನುವಾರ ಕಬ್ಬನ್ ಪಾರ್ಕಿನಲ್ಲಿ ಓಟ, ಹಾಗಾಗಿ ತನಗೆ ಏನೂ ಆಗುವುದಿಲ್ಲ ಎನ್ನುವ ಧೈರ್ಯ. ಎತ್ತರದ ಕಾಯಿಲೆಗೂ ಫಿಟ್ನೆಸ್‌ಗೂ ಸಂಬಂಧವಿಲ್ಲ. 1962ರ ಯುದ್ಧದ ಕಾಲದಲ್ಲಿ ನಮ್ಮ ಸೈನಿಕರನ್ನು ಬಯಲಿನಿಂದ ಒಮ್ಮೆಲೇ ಮೇಲೆ ಸಾಗಿಸಬೇಕಾಯಿತು. ಗಟ್ಟಿಮುಟ್ಟಾದ ಹುಡುಗರು ಎರಡು ಮೂರು ದಿನದಲ್ಲಿ ಶ್ವಾಸಕೋಶದಲ್ಲಿ ನೀರು ತುಂಬಿ ಉರುಳಿದರು. ಸೇನೆಯ ವೈದ್ಯ ಇಂದರ್ ಸಿಂಗ್ ಮತ್ತು ಅವರ ತಂಡ 1,925 ಸೈನಿಕರನ್ನು ಗಮನಿಸಿ 1969ರಲ್ಲಿ ಪ್ರಕಟಿಸಿದ ವರದಿಯನ್ನು ಈ ವಿಷಯ ಓದುವವರು ಇವತ್ತಿಗೂ ಓದುತ್ತಾರೆ. ಸೇನೆ ಕಲಿತ ಪಾಠ ಸರಳ. ಲೇಹ್‌ನ ಎತ್ತರದಲ್ಲಿ ಆರು ದಿನ, ಆಮೇಲೆ ಮೇಲಿನ ಮೆಟ್ಟಿಲಿಗೆ ನಾಲ್ಕು ದಿನ, ಅದರ ಮೇಲಿನದಕ್ಕೆ ಮತ್ತೆ ನಾಲ್ಕು ದಿನ. ಮೊದಲ ಎರಡು ದಿನ ಸುಮ್ನೆ ಬಿದ್ದುಕೊಂಡಿರುವುದೇ ಕೆಲಸ. ಕಂಪನಿ ಅಷ್ಟು ದಿನ ಕೊಡುತ್ತದೆಯೇ ಎಂದು ಹೊರಡುವ ಮೊದಲೇ ಮಗ ಲಿಖಿತವಾಗಿ ಕೇಳಿಕೊಳ್ಳಲಿ. ಇಳಿದ ಮಾರನೇ ದಿನವೇ ಸೈಟಿಗೆ ಕರೆದೊಯ್ದ ಮ್ಯಾನೇಜರುಗಳ ಕಥೆ ನನ್ನ ಹತ್ತಿರ ಬೇಕಾದಷ್ಟಿವೆ.

ಹೋಗುವ ದಾರಿಯೂ ಮುಖ್ಯ. ದೆಹಲಿಯಿಂದ ವಿಮಾನದಲ್ಲಿ ಒಂದೂಕಾಲು, ಒಂದೂವರೆ ಗಂಟೆಯಲ್ಲಿ ಲೇಹ್. ದೇಹಕ್ಕೆ ಏನು ನಡೆಯಿತೆಂದೇ ಗೊತ್ತಾಗುವುದಿಲ್ಲ. ರಸ್ತೆಯಲ್ಲಿ ಹೋದರೆ ಒಳ್ಳೆಯದು ಅಂತಾರೆ, ಅದು ಅರ್ಧ ಸತ್ಯ. ಶ್ರೀನಗರದ ದಾರಿ ಒಳ್ಳೆಯದೇ. ಕಾರ್ಗಿಲ್‌ನಲ್ಲಿ, ಸುಮಾರು 2,700 ಮೀಟರಿನಲ್ಲಿ ಒಂದೆರಡು ರಾತ್ರಿ ಮಲಗಿ ಹೋಗಬಹುದು. ಮನಾಲಿ ದಾರಿ ಹಾಗಲ್ಲ. ಸರ್ಚುವಿನಲ್ಲಿ ಮಲಗಿದರೆ ಲೇಹ್‌ಗಿಂತ ಎತ್ತರದಲ್ಲಿ, 4,200 ಮೀಟರಿಗಿಂತ ಮೇಲೆ ಮಲಗಿದ ಹಾಗೆ. ಬೈಕಿನ ಹುಡುಗರು ಅಲ್ಲಿ ರಾತ್ರಿ ಒದ್ದಾಡಿ ಲೇಹ್ ತಲುಪುತ್ತಿದ್ದುದನ್ನು ಪ್ರತಿ ಬೇಸಿಗೆಯೂ ನೋಡುತ್ತಿದ್ದೆ.

ಮೊದಲ ದಿನ ತಲೆನೋವು, ವಾಕರಿಕೆ, ಸುಸ್ತು ಬಂದರೆ ಅದು ಸಾಮಾನ್ಯ. ವಿಶ್ರಾಂತಿ, ಬೇಕಿದ್ದರೆ ಪ್ಯಾರಾಸಿಟಮಾಲ್, ಅಷ್ಟು ಸಾಕು. ಮದ್ಯ ಬೇಡ, ನಿದ್ದೆ ಮಾತ್ರೆ ಬೇಡ, ಎರಡೂ ಉಸಿರಾಟವನ್ನು ಇನ್ನಷ್ಟು ಕುಗ್ಗಿಸುತ್ತವೆ. ಕೋವಿಡ್ ಕಾಲದಲ್ಲಿ ತಂದಿಟ್ಟ ಆಕ್ಸಿಮೀಟರ್ ಎಲ್ಲರ ಮನೆಯಲ್ಲೂ ಇದೆ. 94ಕ್ಕಿಂತ ಇಳಿದರೆ ಆಸ್ಪತ್ರೆ ಎಂದು ಆಗ ಕಲಿತಿದ್ದೇವೆ. ಲೇಹ್‌ನಲ್ಲಿ ಮೊದಲ ದಿನಗಳಲ್ಲಿ ಆರೋಗ್ಯವಂತರಿಗೂ 90ರ ಆಚೀಚೆ ಇರುತ್ತದೆ. ಮಗ ಫೋಟೋ ಕಳಿಸಿದರೆ ಅದನ್ನು ನೋಡಿ ನೀವು ರಾತ್ರಿಯೆಲ್ಲಾ ಕೂರಬೇಡಿ. ನೋಡಬೇಕಾದ್ದು ಬೇರೆ. ಸುಮ್ಮನೆ ಕೂತಾಗಲೂ ಏದುಸಿರು, ನನ್ನ ಮೊದಲ ರಾತ್ರಿಯ ಹಾಗೆ ನಾಲ್ಕು ಉಸಿರಿಗೆ ಸರಿಹೋಗದೆ ಮಲಗಲೇ ಆಗದಷ್ಟು ಉಸಿರು ಕಟ್ಟುವುದು, ಬಿಡದ ಕೆಮ್ಮು, ಎದೆಯಲ್ಲಿ ಗೊರಗೊರ ಸದ್ದು, ಇವು ಶ್ವಾಸಕೋಶದಲ್ಲಿ ನೀರು ತುಂಬುತ್ತಿರುವ ಲಕ್ಷಣ. ನೇರ ಗೆರೆಯ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನಡೆಸಿ. ಕುಡಿದವನ ಹಾಗೆ ತೂರಾಡಿದರೆ, ಮಾತು ಅಡ್ಡಾದಿಡ್ಡಿಯಾದರೆ ಮಿದುಳು ಊದುತ್ತಿದೆ ಎಂದರ್ಥ. ಎರಡಕ್ಕೂ ಮದ್ದು ಒಂದೇ, ಆ ಕ್ಷಣವೇ ಆಕ್ಸಿಜನ್ ಮತ್ತು ಕೆಳಗೆ ಇಳಿಯುವುದು. ಬೆಳಗಾಗಲಿ ನೋಡೋಣ ಅನ್ನುವ ಹಾಗಿಲ್ಲ.

ಡಯಾಮಾಕ್ಸ್ ಮಾತ್ರೆ ಕೇಳಿರುತ್ತೀರಿ. ಅದು ಮೂತ್ರದಲ್ಲಿ ಬೈಕಾರ್ಬೊನೇಟ್ ಹೊರಹಾಕಿ ಉಸಿರಾಟವನ್ನು ಚುರುಕು ಮಾಡುತ್ತದೆ, ಒಗ್ಗುವುದನ್ನು ಬೇಗ ಮಾಡಿಸುತ್ತದೆ. ವಿಮಾನದಲ್ಲಿ ಹೋಗುವುದಾದರೆ ಹಿಂದಿನ ದಿನದಿಂದ ಶುರು ಮಾಡಿ, ತಲುಪಿದ ಎರಡು ದಿನದವರೆಗೆ, 125 ಮಿಲಿಗ್ರಾಂ ದಿನಕ್ಕೆರಡು ಸಲ ಕೊಡುವುದು ರೂಢಿ. ಬೆರಳ ತುದಿ ಜುಮ್ಮೆನ್ನುತ್ತದೆ, ಸೋಡಾ ರುಚಿ ಕೆಡುತ್ತದೆ. ಸಲ್ಫಾ ಔಷಧದ ಅಲರ್ಜಿ ಇದ್ದವರು ವೈದ್ಯರಿಗೆ ಮೊದಲೇ ತಿಳಿಸಬೇಕು. ಮೆಡಿಕಲ್ ಶಾಪಿನಲ್ಲಿ ಕೇಳಿ ನುಂಗುವ ಮಾತ್ರೆ ಇದಲ್ಲ. ಬಸುರಿಯರಿಗಂತೂ ಸಲ್ಲ.

ನಿಮ್ಮ ಓರಗಿತ್ತಿಯ ಕರ್ಪೂರ. ಇದನ್ನು ಯಾರು ಶುರು ಮಾಡಿದರೋ ಕಾಣೆ. ಲೇಹ್‌ಗೆ ಬರುವ ಪ್ರವಾಸಿಗಳಲ್ಲಿ ಅರ್ಧ ಜನರ ಕೈಯಲ್ಲಿ ಕರವಸ್ತ್ರದಲ್ಲಿ ಕಟ್ಟಿದ ಕರ್ಪೂರದ ಗಂಟು ಇರುತ್ತಿತ್ತು. ಮೂಸಿದರೆ ಮೂಗು ಬಿಚ್ಚಿ ತಣ್ಣಗಾದ ಹಾಗೆ ಅನಿಸುತ್ತದೆ, ರಕ್ತದ ಆಕ್ಸಿಜನ್ ಒಂದು ಅಂಕಿಯೂ ಏರುವುದಿಲ್ಲ. ಮಗುವಿನ ಕೈಗೆ ಸಿಕ್ಕಿ ನುಂಗಿದರೆ ಫಿಟ್ಸ್ ಬರಬಹುದು. ದೇವರ ಮನೆಯಲ್ಲೇ ಇರಲಿ. ಚಿಕ್ಕ ಆಕ್ಸಿಜನ್ ಕ್ಯಾನ್‌ಗಳೂ ಅಷ್ಟೆ, ಕೆಲವು ನಿಮಿಷದ ಸರಕು.

ಒಮ್ಮೆ ಒಗ್ಗಿದರೆ ಮುಗಿಯಿತು ಅಂದುಕೊಳ್ಳುವುದು ಎಲ್ಲಕ್ಕಿಂತ ಅಪಾಯದ ತಪ್ಪು. ನಮ್ಮ ಬೆಳಗಾವಿ ಕಡೆಯ ಒಬ್ಬ ಹುಡುಗ ನೆನಪಾಗುತ್ತಾನೆ. ಲಡಾಖಿನಲ್ಲಿ ಒಂದೂವರೆ ವರ್ಷ ಕಳೆದವನು. ಊರ ಜಾತ್ರೆಗೆಂದು ರಜೆ ಹಾಕಿ ಒಂದು ತಿಂಗಳು ಹೋಗಿ ಬಂದ. ಹಳೇ ಹುಲಿ ಅಲ್ವಾ, ಬಂದ ದಿನವೇ ಸಾಮಾನು ಹೊತ್ತು ಓಡಾಡಿದ. ಎರಡನೇ ರಾತ್ರಿ ಕರೆತಂದಾಗ ಮಲಗಲು ಆಗುತ್ತಿರಲಿಲ್ಲ, ಗೋಡೆಗೆ ಒರಗಿ ಕೂತಿದ್ದ. ತುಟಿ ನೇರಳೆ ಹಣ್ಣಿನ ಬಣ್ಣ. ಕೆಮ್ಮಿದರೆ ತೆಳು ಕೆಂಪು ನೊರೆ. "ಸಾಹೇಬ್ರ, ಹೋದ ಸಲ ಏನೂ ಆಗಿರ್ಲಿಲ್ರೀ" ಅಂತಲೇ ಇದ್ದ. ಆಕ್ಸಿಜನ್ ಹಾಕಿ, ಔಷಧ ಕೊಟ್ಟು, ಬೆಳಗಿನ ವಿಮಾನಕ್ಕೆ ಕೆಳಗೆ ಕಳಿಸಿದೆವು. ಉಳಿದ. ಬಯಲಿನಲ್ಲಿ ಒಂದೆರಡು ವಾರ ಇದ್ದರೆ ಸಾಕು, ದೇಹ ಒಗ್ಗಿದ್ದನ್ನು ಮರೆಯುತ್ತದೆ. ಚಳಿಗಾಲ ಕೆಳಗೆ ಕಳೆದು ವಾಪಸ್ ಬರುವ ಲಡಾಖಿಗಳಿಗೂ ಹೀಗಾಗುವುದುಂಟು. ನಿಮ್ಮ ಮಗ ದೀಪಾವಳಿಗೆ ಬಂದು ಹೋದಾಗಲೂ, ಮಗು ನೋಡಲು ಬಂದು ಹೋದಾಗಲೂ, ಮತ್ತೆ ಎರಡು ದಿನ ಮಲಗಲೇಬೇಕು.

ಹಾನ್ಲೆಗೆ ಮೊದಲ ಸಲ ಹೋಗುವುದು ಲೇಹ್‌ನಲ್ಲಿ ಎರಡು ವಾರ ಕಳೆದ ಮೇಲೆ ಇರಲಿ. ದಾರಿಯಲ್ಲಿ ನ್ಯೋಮಾದಲ್ಲಿ ಒಂದು ರಾತ್ರಿ ತಂಗಲಿ. ಚಿಲಿಯ ಔಕಾಂಕಿಲ್ಚಾ ಎಂಬ ಬೆಟ್ಟದಲ್ಲಿ ಗಂಧಕದ ಗಣಿ ಇತ್ತು, ಹೆಚ್ಚುಕಡಿಮೆ 5,800 ಮೀಟರಿನಲ್ಲಿ. 1935ರಲ್ಲಿ ಅಲ್ಲಿಗೆ ಹೋದ ವಿಜ್ಞಾನಿಗಳು ನೋಡಿದ್ದು ಏನು ಗೊತ್ತೇ? ಕಾರ್ಮಿಕರು ಸುಮಾರು 5,300 ಮೀಟರಿನ ಹಟ್ಟಿಯಲ್ಲಿ ಮಲಗಿ, ದಿನಾ ಬೆಟ್ಟ ಹತ್ತಿ ಗಣಿಗೆ ಹೋಗುತ್ತಿದ್ದರು. ಮೇಲೆಯೇ ಇರಲು ಒಪ್ಪುತ್ತಿರಲಿಲ್ಲ, ಅಲ್ಲಿ ನಿದ್ದೆ ಬರುವುದಿಲ್ಲ, ಊಟ ಸೇರುವುದಿಲ್ಲ ಎನ್ನುತ್ತಿದ್ದರು. ಕೆಲಸ ಮೇಲೆ, ನಿದ್ದೆ ಕೆಳಗೆ. ಪುಸ್ತಕ ಓದದೆ ಕಂಡುಕೊಂಡ ಸೂತ್ರ. ಹಾನ್ಲೆಯಲ್ಲೇ ಇರುವ ಎರಡು ಮೀಟರ್ ವ್ಯಾಸದ ದೂರದರ್ಶಕವನ್ನು ನಮ್ಮ ಖಗೋಳ ವಿಜ್ಞಾನಿಗಳು ಉಪಗ್ರಹದ ಮೂಲಕ ನಮ್ಮ ಹೊಸಕೋಟೆಯಲ್ಲಿ ಕೂತು ನಡೆಸುತ್ತಾರೆ. ಅವರದು ಇನ್ನೂ ಜಾಣತನ! ನಿಮ್ಮ ಮಗನ ಕೆಲಸದಲ್ಲೂ ಒಂದಷ್ಟು ಲೇಹ್‌ನಲ್ಲೇ ಕೂತು ಮಾಡುವಂತಿದ್ದರೆ ಕೇಳಿ ನೋಡಲಿ.

ಎರಡು ವರ್ಷದಲ್ಲಿ ದೀರ್ಘಕಾಲದ ತೊಂದರೆ ಬರುವ ಸಂಭವ ಕಡಿಮೆ. ರಕ್ತ ಅತಿಯಾಗಿ ದಪ್ಪವಾಗುವ ಕಾಯಿಲೆಯನ್ನು ಪೆರುವಿನ ವೈದ್ಯ ಕಾರ್ಲೋಸ್ ಮೊಂಗೆ 1925ರಲ್ಲಿ ಮೊದಲು ಗುರುತಿಸಿದರು. ಗಂಡಸರಲ್ಲಿ ಹಿಮೋಗ್ಲೋಬಿನ್ 21, ಹೆಂಗಸರಲ್ಲಿ 19 ಮುಟ್ಟಿತು ಎಂದರೆ ಅದರ ಗಡಿ. ಅದಕ್ಕೆ ನೆಟ್ಟಗಿನ ಮದ್ದು ಕೆಳಗಿಳಿಯುವುದೊಂದೇ. ಮಗ ಆರು ತಿಂಗಳಿಗೊಮ್ಮೆ ಹಿಮೋಗ್ಲೋಬಿನ್ ನೋಡಿಸಿಕೊಂಡರೆ ಸಾಕು. ಸಿಗರೇಟ್ ಇದ್ದರೆ ಬಿಡಲಿ.

ನಿಮ್ಮ ಯಜಮಾನರಿಗೆ ಬಿಪಿ, ಶುಗರ್ ಹತೋಟಿಯಲ್ಲಿದ್ದರೆ ಲೇಹ್ ನಿಷಿದ್ಧವೇನಲ್ಲ. ಎತ್ತರದಲ್ಲಿ ಮೊದಲ ಕೆಲವು ದಿನ ಬಿಪಿ ಏರುತ್ತದೆ, ಹಾಗಾಗಿ ಮಾತ್ರೆ ಹೇಗೆ ಬದಲಿಸಬೇಕು ಎಂದು ಮೊದಲೇ ಬರೆಸಿಕೊಂಡು ಹೋಗಿ. ಇಸಿಜಿ, ಎಕೋ ಆಗಿರಲಿ. ಮೆಟ್ಟಿಲು ಹತ್ತುವಾಗ ಎದೆ ಹಿಡಿಯುತ್ತದೆ ಎಂದರೆ ಟಿಕೆಟ್ ಮಾಡಿಸುವ ಮೊದಲು ಹೃದಯದ ಡಾಕ್ಟರ್. ಚಳಿಗೆ, ಎತ್ತರಕ್ಕೆ ಕೆಲವು ಗ್ಲುಕೋಮೀಟರ್ ತಪ್ಪು ಲೆಕ್ಕ ಕೊಡುತ್ತವೆ. ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು, ಒಳಜೇಬಿನಲ್ಲಿ ಇರಲಿ. ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಹೋಗಿ ಬನ್ನಿ. ಖಾರ್ದುಂಗ್ ಲಾ ಘಾಟಿಯ ಫೋಟೋ ಆಸೆ ಬಿಡಿ, ಅದು 5,300 ಮೀಟರ್ ಮೇಲೆ.

ಒಂದು ಮಾತು ಮಗನಿಗೆ ಖಂಡಿತ ಹೇಳಿ. ಚಳಿಗಾಲದಲ್ಲಿ ಅಲ್ಲಿ ಬುಖಾರಿ ಹಚ್ಚುತ್ತಾರೆ, ಕೋಣೆ ಬೆಚ್ಚಗಿಡುವ ಒಲೆ. ಒಂದು ಜನವರಿ ರಾತ್ರಿ ನನ್ನ ಕೋಣೆಯ ಬುಖಾರಿ ಕೊಳವೆ ಹಿಮ ತುಂಬಿ ಕಟ್ಟಿಕೊಂಡಿತ್ತು. ತಲೆ ಸಿಡಿಯುತ್ತಿತ್ತು, ಎತ್ತರದ ತಲೆನೋವೇ ಇರಬೇಕು ಎಂದು ಮಗ್ಗುಲು ಬದಲಿಸಿ ಮಲಗುವವನಿದ್ದೆ. ಮೂತ್ರಕ್ಕೆಂದು ಎದ್ದು ಬಾಗಿಲು ತೆಗೆದದ್ದಕ್ಕೆ ಬದುಕಿದೆ. ಹೊರಗಿನ ಗಾಳಿ ತಾಗಿ ಐದು ನಿಮಿಷಕ್ಕೆ ತಲೆ ಹಗುರಾಯಿತು, ಆಗ ಹೊಳೆಯಿತು ಇದು ಕಾರ್ಬನ್ ಮೊನಾಕ್ಸೈಡ್ ಅಂತ. ಮಲಗುವ ಮುನ್ನ ಬುಖಾರಿ ಆರಿಸಬೇಕು, ಕಿಟಕಿ ಒಂದು ಬೆರಳಷ್ಟು ತೆರೆದಿರಬೇಕು. ಎಷ್ಟೇ ಚಳಿ ಇದ್ದರೂ.

ಮುದ್ದೆ. ಬೆಂಗಳೂರಿನಲ್ಲಿ ನೀರು 97 ಡಿಗ್ರಿಗೆ ಕುದಿಯುತ್ತದೆ, ಲೇಹ್‌ನಲ್ಲಿ 88ರ ಸುಮಾರಿಗೇ ಕುದಿದುಬಿಡುತ್ತದೆ. ರಾಗಿ ಹಿಟ್ಟು ಬೇಯಲು ಅಷ್ಟು ಬಿಸಿ ಸಾಕು, ಸ್ವಲ್ಪ ಜಾಸ್ತಿ ಹೊತ್ತು ಬಿಡಬೇಕು. ನಮ್ಮ ಮೆಸ್ಸಿನಲ್ಲಿ ಮಂಡ್ಯದ ಅಡುಗೆಯವರೊಬ್ಬರು ಭಾನುವಾರ ಮುದ್ದೆ ತೊಳಸುತ್ತಿದ್ದರು, ತೊಳಸುವಾಗ ಎರಡು ಸಲ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು ಅಷ್ಟೆ. ತೊಗರಿ ಬೇಳೆ, ಹುರುಳಿ ಮಾತ್ರ ಪಾತ್ರೆಯಲ್ಲಿಟ್ಟರೆ ಸಂಜೆಯಾದರೂ ಕಾಳು ಕಾಳಾಗಿಯೇ ಇರುತ್ತದೆ. ಕುಕ್ಕರ್ ಕಳಿಸಿ, ಎರಡು ವಿಷಲ್ ಜಾಸ್ತಿ ಕೂಗಿಸಲಿ. ಜೊತೆಗೆ ಒಂದು ಗ್ಯಾಸ್ಕೆಟ್ ಹೆಚ್ಚಿಗೆ ಇಡಿ.